ರೋಡ್ ಬೈಕ್‌ನಿಂದ ರಿಕಂಬೆಂಟ್‌ಗೆ: ದೂರದ ಸವಾರರೊಬ್ಬರ ಪ್ರಕರಣ

ದೂರ ಹೋಗುವ ಸವಾರರ ಮೈಗೆ ಸೈಕಲ್ ಹೊಂದಿಸಿಕೊಡುವುದು ನನ್ನ ಕೆಲಸ. ರೋಡ್ ಬೈಕ್ ಬಿಟ್ಟು ರಿಕಂಬೆಂಟ್ (ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್) ಹಿಡಿದವರನ್ನು ಸಾಕಷ್ಟು ನೋಡಿದ್ದೇನೆ. ಅವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಅದನ್ನು ಮಾರಿದ್ದನ್ನೂ ನೋಡಿದ್ದೇನೆ. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ಏರು ಹತ್ತೋಕೆ ಆಗಲ್ಲ."

ಈ ಪ್ರಕರಣದ ಸವಾರರೂ ಅದೇ ಮಾತಿಗೆ ಬಂದು ನಿಂತಿದ್ದರು. ಆಮೇಲೆ ತೆಗೆದುಕೊಂಡ ಒಂದು ನಿರ್ಧಾರದಿಂದ ದಾರಿ ತಿರುಗಿತು. ಬೇರೆಯವರಿಗೂ ಅದು ಉಪಯೋಗಕ್ಕೆ ಬರುತ್ತದೆ ಎಂದು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಉದ್ಯೋಗ ಯಾವುದೂ ಇಲ್ಲಿಲ್ಲ. ಗುರುತು ಹಿಡಿಯಬಹುದಾದ ಸಣ್ಣಪುಟ್ಟ ವಿವರಗಳನ್ನೂ ಬಿಟ್ಟಿದ್ದೇನೆ. ಬರೀ "ಸವಾರರು" ಎಂದು ಕರೆಯುತ್ತೇನೆ.

ಹಿನ್ನೆಲೆ

ಸವಾರರಿಗೆ ಐವತ್ತು ದಾಟಿದೆ. ಬಹಳ ವರ್ಷಗಳಿಂದ ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್ ತುಳಿದವರು. ರೇಸಿನಲ್ಲಿ ಆಸಕ್ತಿ ಇಲ್ಲ, ಅವರಿಗೆ ಪ್ರಿಯವಾದದ್ದು ಬ್ರೆವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬ್ರೆವೆ ಅಂದರೆ ಇಷ್ಟು ದೂರವನ್ನು ಇಷ್ಟು ಸಮಯದೊಳಗೆ ಮುಗಿಸಬೇಕು ಎಂಬ ಸವಾರಿ. ಮೊದಲು ಬಂದವರಿಗೆ ಬಹುಮಾನ ಇಲ್ಲ. ಸಮಯದೊಳಗೆ ಮುಗಿಸಿದವರೆಲ್ಲ ಸಮಾನರು. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಊಟ, ನಿದ್ದೆ, ಪಂಕ್ಚರ್, ದಾರಿ ತಪ್ಪಿದ್ದು ಎಲ್ಲವೂ ಆ ಗಡಿಯಾರದೊಳಗೇ ಬರಬೇಕು.

ಈ ಲೆಕ್ಕ ನೆನಪಿರಲಿ. ಮುಂದೆ ರಿಕಂಬೆಂಟ್ ಸರಿಯೋ ತಪ್ಪೋ ಎಂದು ತೀರ್ಮಾನಿಸಿದ್ದು ಈ ಗಡಿಯಾರವೇ.

ತೊಂದರೆ ಶುರುವಾದದ್ದು ಕಿರುಬೆರಳಿನಲ್ಲಿ. ನೂರು ಕಿ.ಮೀ. ದಾಟಿದ ಮೇಲೆ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ಮೊದಮೊದಲು ಕೈ ಕೊಡವಿದರೆ ಹೋಗುತ್ತಿತ್ತು. ಮುಂದಿನ ವರ್ಷ ಎರಡೂ ಕೈಗೆ ಬಂತು. ಒಂದು 400 ಕಿ.ಮೀ. ಮುಗಿಸಿದ ಮೇಲಂತೂ ವಾರಗಟ್ಟಲೆ ಅಂಗಿಯ ಗುಂಡಿ ಹಾಕಲು, ಬೀಗದ ಕೈ ತಿರುಗಿಸಲು ಪರದಾಡಿದರು. ಜೊತೆಗೆ ಕತ್ತು. ಬಾಗಿ ಕೂತು ಮುಖ ಎತ್ತಿ ರಸ್ತೆ ನೋಡಬೇಕಲ್ವಾ? ರಾತ್ರಿಯ ಹೊತ್ತಿಗೆ ತಲೆ ಎತ್ತಿ ಹಿಡಿಯುವುದೇ ದೊಡ್ಡ ಕೆಲಸವಾಗುತ್ತಿತ್ತು.

ದೂರದ ಸವಾರರಲ್ಲಿ ಇದು ಅಪರೂಪವಲ್ಲ. ಮಣಿಕಟ್ಟಿನ ಹತ್ತಿರ, ಕಿರುಬೆರಳಿನ ಬದಿಯಲ್ಲಿ ಅಲ್ನರ್ ನರ ಒಂದು ಇಕ್ಕಟ್ಟಾದ ಜಾಗದಲ್ಲಿ ಹಾದುಹೋಗುತ್ತದೆ. ಮೈಭಾರ ಹ್ಯಾಂಡಲ್ ಮೇಲೆ ಬಿದ್ದು ಆ ಜಾಗ ಗಂಟೆಗಟ್ಟಲೆ ಒತ್ತಿಕೊಂಡಿದ್ದರೆ ನರ ಸೋಲುತ್ತದೆ. ಶುರುವಿಗೆ ಜೋಮು, ಆಮೇಲೆ ಹಿಡಿತದ ಬಲವೇ ಇಳಿಯುತ್ತದೆ. ಸವಾರರು ವೈದ್ಯರ ಹತ್ತಿರ ಹೋದರು. ವೈದ್ಯರು ಪರೀಕ್ಷೆ ಮಾಡಿ, ಒತ್ತಡ ತಪ್ಪಿಸಬೇಕು, ಹೀಗೇ ಮುಂದುವರಿದರೆ ಕೈಯ ಬಲ ಪೂರ್ತಿ ವಾಪಸ್ ಬರುತ್ತದೆ ಎಂದು ಭರವಸೆ ಕೊಡಲಾರೆ ಎಂದರು. ನನ್ನ ಹತ್ತಿರ ಬಂದದ್ದು ಆಮೇಲೆ.

ಮೊದಲು ಹಳೆಯ ಸೈಕಲ್‌ನಲ್ಲೇ

ಯಾರೇ ಬಂದರೂ ನಾನು ಮೊದಲು ಇರುವ ಸೈಕಲ್‌ನಲ್ಲೇ ಏನಾಗುತ್ತದೆ ನೋಡುತ್ತೇನೆ. ರಿಕಂಬೆಂಟ್ ದೊಡ್ಡ ಬದಲಾವಣೆ. ಚಿಕ್ಕ ಬದಲಾವಣೆಯಲ್ಲಿ ಕೆಲಸ ಆಗುವುದಾದರೆ ಅದೇ ಒಳ್ಳೆಯದು.

ಸೀಟಿನ ಮೂತಿ ಸ್ವಲ್ಪ ಕೆಳಗೆ ಬಾಗಿತ್ತು. ಹಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಕೆಲಸ ಕೈಗೆ ಬೀಳುತ್ತದೆ. ಅದನ್ನು ಮಟ್ಟ ಮಾಡಿದೆವು. ಹ್ಯಾಂಡಲ್ ಎತ್ತರಿಸಿ ಹತ್ತಿರಕ್ಕೆ ತಂದೆವು. ಹ್ಯಾಂಡಲ್ ಪಟ್ಟಿ ಎರಡು ಸುತ್ತು ಹಾಕಿದೆವು. ಟೈರ್ ಅಗಲ ಮಾಡಿ ಗಾಳಿ ಕಡಿಮೆ ಮಾಡಿದೆವು. ಮೊಣಕೈ ಊರುವ ಏರೋ ಬಾರ್ ಹಾಕಿ ನೋಡಿದೆವು. ಅಂಗೈಗೆ ಬಿಡುವು ಸಿಕ್ಕಿತು, ಕತ್ತಿನ ನೋವು ಮಾತ್ರ ಜಾಸ್ತಿಯಾಯಿತು.

ಇಷ್ಟೆಲ್ಲ ಆದ ಮೇಲೆ 200 ಕಿ.ಮೀ. ಆರಾಮಾಗಿ ಮುಗಿಸಿದರು. 300ರಲ್ಲಿ ಮತ್ತೆ ಜೋಮು ಬಂತು. ಅಂದರೆ ಹೊಂದಿಕೆಯಿಂದ ತೊಂದರೆ ಸ್ವಲ್ಪ ಮುಂದಕ್ಕೆ ಹೋಯಿತೇ ಹೊರತು ಹೋಗಲಿಲ್ಲ.

ಆಗ ಅವರ ಮುಂದೆ ಮೂರು ದಾರಿ ಇದ್ದವು. ದೂರದ ಸವಾರಿ ಬಿಡುವುದು, 200ಕ್ಕೆ ನಿಲ್ಲಿಸುವುದು, ಇಲ್ಲವೇ ಕೂರುವ ಭಂಗಿಯನ್ನೇ ಬದಲಿಸುವುದು. ಸವಾರರು ಒಂದು ವಾರ ಸುಮ್ಮನಿದ್ದು ಆಮೇಲೆ ಫೋನ್ ಮಾಡಿದರು. "ನನಗೆ ರಾತ್ರಿ ರಸ್ತೆ ಬೇಕು. 200ರಲ್ಲಿ ರಾತ್ರಿ ಸಿಗಲ್ಲ. ಆ ಮಲಗೋ ಸೈಕಲ್ ತೋರಿಸಿ" ಎಂದರು. ದೂರದ ಸವಾರಿಯ ಸೆಳೆತ ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಗೆಳೆಯರ ಅನುಮಾನ, ಮತ್ತು 1934ರ ನಿಯಮ

ರಿಕಂಬೆಂಟ್‌ನಲ್ಲಿ ಬೆನ್ನಿಗೆ ಒರಗು ಇರುವ ಕುರ್ಚಿಯಂಥ ಸೀಟು ಇರುತ್ತದೆ. ಕಾಲು ಮುಂದಕ್ಕೆ ಚಾಚಿ ತುಳಿಯಬೇಕು. ಪೆಡಲ್‌ಗಳು ಹಲವು ಮಾದರಿಗಳಲ್ಲಿ ಮುಂಚಕ್ರದ ಆಚೆ, ಬೂಮ್ ಎನ್ನುವ ಕೊಳವೆಯ ತುದಿಯಲ್ಲಿ ಇರುತ್ತವೆ. ಮೈಭಾರ ಬೆನ್ನು ಮತ್ತು ಸೊಂಟದ ಮೇಲೆ ಹರಡುತ್ತದೆ. ಕೈಗೆ ದಿಕ್ಕು ತಿರುಗಿಸುವ ಕೆಲಸ ಬಿಟ್ಟರೆ ಹೊರುವ ಭಾರ ಇಲ್ಲ. ಸವಾರರ ತೊಂದರೆಗೆ ಇದು ನೇರ ಉತ್ತರ.

ಜೊತೆಯ ಸವಾರರು ಮಾತ್ರ ಒಪ್ಪಲಿಲ್ಲ. "ಅದು ಅಷ್ಟು ಚೆನ್ನಾಗಿದ್ದರೆ ರೇಸಿನಲ್ಲಿ ಯಾಕೆ ಕಾಣಲ್ಲ? ನಿಧಾನ ಇರಬೇಕು ಬಿಡಿ" ಎಂದು ಒಬ್ಬರು ಅಂದದ್ದು ಸವಾರರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ. ಫ್ರಾನ್ಸಿನ ಶಾರ್ಲ್ ಮೋಶೆ ಮಾಡಿದ ರಿಕಂಬೆಂಟ್ ಮೇಲೆ ಫ್ರಾನ್ಸಿಸ್ ಫೋರ್ 1933ರ ಜುಲೈನಲ್ಲಿ ಒಂದು ಗಂಟೆಯಲ್ಲಿ 45.055 ಕಿ.ಮೀ. ಓಡಿಸಿದರು. ಅದಕ್ಕೆ ಮುಂಚಿನ ದಾಖಲೆ 1914ರಿಂದ ನಿಂತಿದ್ದ ಆಸ್ಕರ್ ಎಗ್ ಅವರ 44.247 ಕಿ.ಮೀ. ಫೋರ್ ಅಂದಿನ ದೊಡ್ಡ ಹೆಸರಿನ ಸವಾರರೇನೂ ಆಗಿರಲಿಲ್ಲ. ಗದ್ದಲ ಎದ್ದಿತು. 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸ್ ಸೈಕಲ್ ಹೇಗಿರಬೇಕು ಎಂದು ಅಳತೆ ಕಟ್ಟಿ, ರಿಕಂಬೆಂಟನ್ನು ಹೊರಗಿಟ್ಟಿತು. ರೇಸಿನಲ್ಲಿ ಕಾಣದಿರಲು ಕಾರಣ ಆ ನಿಯಮ. ನಿಧಾನ ಎಂಬ ಕಾರಣಕ್ಕೆ ಬಿಟ್ಟದ್ದಲ್ಲ.

ಹಾಗಂತ ಇನ್ನೊಂದು ತುದಿಗೂ ಹೋಗಬಾರದು. 2016ರಲ್ಲಿ ಅಮೆರಿಕದ ನೆವಾಡದ ಬ್ಯಾಟಲ್ ಮೌಂಟನ್ ರಸ್ತೆಯಲ್ಲಿ ಟಾಡ್ ರೈಕರ್ಟ್ ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದರು, ಅದೂ ಕಾಲಿನ ಬಲದಿಂದಲೇ. ಸವಾರರು ಆ ಅಂಕಿಯನ್ನು ಉತ್ಸಾಹದಿಂದ ನನಗೆ ತೋರಿಸಿದರು. ಅದು ಪೂರ್ತಿ ಕವಚದೊಳಗೆ ಮಲಗಿ, ಮಟ್ಟಸ ರಸ್ತೆಯಲ್ಲಿ, ಕೆಲವೇ ಕ್ಷಣ ಮುಟ್ಟಿದ ವೇಗ. ಬ್ಯಾಗು ಕಟ್ಟಿಕೊಂಡು ಏರು-ಇಳಿವು ದಾಟುವ ತೆರೆದ ರಿಕಂಬೆಂಟ್‌ಗೂ ಅದಕ್ಕೂ ಸಂಬಂಧ ಕಡಿಮೆ ಎಂದು ಬಿಡಿಸಿ ಹೇಳಿದೆ. ಸುಳ್ಳು ಆಸೆ ಇಟ್ಟುಕೊಂಡು ಬಂದವರೇ ಬೇಗ ಬೇಸರಪಡುತ್ತಾರೆ.

ಬ್ರೆವೆಯಲ್ಲಿ ಬಿಡುತ್ತಾರಾ ಎಂಬ ಪ್ರಶ್ನೆಯೂ ಇತ್ತು. ಬಿಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1200 ಕಿ.ಮೀ.ನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನಲ್ಲಿ ವಿಶೇಷ ಸೈಕಲ್‌ಗಳಿಗೆ ಬೇರೆ ಗುಂಪೇ ಇದೆ, ಅದರಲ್ಲಿ ರಿಕಂಬೆಂಟ್‌ಗಳೂ ಹೊರಡುತ್ತವೆ.

ಯಾವುದನ್ನು ಆರಿಸಿದರು

ರಿಕಂಬೆಂಟ್ ಅಂದರೆ ಒಂದೇ ಬಗೆಯಲ್ಲ. ಮೂರು ಚಕ್ರದ ಟ್ರೈಕ್ ಮೊದಲು ನೋಡಿದರು. ಬ್ಯಾಲೆನ್ಸ್ ಚಿಂತೆ ಇಲ್ಲ, ಏರಿನಲ್ಲಿ ಎಷ್ಟು ನಿಧಾನ ಹೋದರೂ ಬೀಳುವುದಿಲ್ಲ. ಬ್ಯಾಲೆನ್ಸ್ ತೊಂದರೆ ಇರುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಎಂದು ನಾನು ನಂಬಿದ್ದೇನೆ. ಆದರೆ ಮೂರು ಚಕ್ರ ಅಂದರೆ ಮೂರು ಜಾಡು, ಹಳ್ಳ ತಪ್ಪಿಸುವುದು ಕಷ್ಟ. ಅಗಲವೂ ಜಾಸ್ತಿ. ಸವಾರರಿಗೆ ಬ್ಯಾಲೆನ್ಸ್ ತೊಂದರೆ ಇರಲಿಲ್ಲವಾದ್ದರಿಂದ ಬಿಟ್ಟರು.

ಆಮೇಲೆ ಪರಿಚಯದವರಿಂದ ಒಂದು ಲೋರೇಸರ್ ಎರವಲು ತಂದರು. ಸೀಟು ನೆಲದಿಂದ ಒಂದು ಗೇಣಿಗಿಂತ ಸ್ವಲ್ಪ ಎತ್ತರ ಅಷ್ಟೇ. ಬಯಲಿನಲ್ಲಿ ಖುಷಿಯಾಯಿತು. ವಾಹನಗಳ ನಡುವೆ ಹೋದಾಗ ಗಾಬರಿಯಾದರು. ಲಾರಿಯ ಚಕ್ರ ಕಣ್ಣಿನ ಮಟ್ಟದಲ್ಲಿ! "ಇದರಲ್ಲಿ ನಾನು ಯಾರಿಗೂ ಕಾಣಲ್ಲ" ಎಂದು ವಾಪಸ್ ಕೊಟ್ಟರು. ಅಲ್ಲಿಗೇ ಕಥೆ ಮುಗಿಯುವ ಹಾಗಿತ್ತು. ಮೊದಲು ಸಿಕ್ಕ ರಿಕಂಬೆಂಟನ್ನೇ ಎಲ್ಲ ರಿಕಂಬೆಂಟ್ ಎಂದುಕೊಂಡು ಬಿಡುವವರು ಇಲ್ಲೇ ಬಿಡುತ್ತಾರೆ.

ಕೊನೆಗೆ ಹಿಡಿದದ್ದು ಹೈರೇಸರ್. ಎರಡೂ ಚಕ್ರ ರೋಡ್ ಬೈಕ್‌ನಷ್ಟೇ ದೊಡ್ಡವು. ಸೀಟು ಎತ್ತರ ಇರುವುದರಿಂದ ಸವಾರರ ಕಣ್ಣು ಹೆಚ್ಚುಕಡಿಮೆ ಕಾರಿನ ಚಾಲಕರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಳೆಯ ಸೈಕಲ್‌ನ ಟೈರ್, ಟ್ಯೂಬ್ ಇದಕ್ಕೂ ಆಗುತ್ತವೆ. ತೊಡಕೂ ಇದೆ. ಕಾಲು ಚಿಕ್ಕದಿದ್ದವರಿಗೆ ನಿಂತಾಗ ನೆಲ ಎಟುಕುವುದಿಲ್ಲ. ಗೋಡೆಗೆ ಬೆನ್ನು, ಸೊಂಟ ಒತ್ತಿ ನೆಲದ ಮೇಲೆ ಕೂತು, ಕಾಲು ನೇರ ಚಾಚಿ, ಗೋಡೆಯಿಂದ ಹಿಮ್ಮಡಿಯ ತಳದವರೆಗೆ ಅಳೆಯಬೇಕು. ರಿಕಂಬೆಂಟ್‌ಗೆ ಬೇಕಾದ ಮುಖ್ಯ ಅಳತೆ ಅದು. ಮೈ ಎತ್ತರ ನೋಡಿ ಕೊಂಡವರು ಆಮೇಲೆ ಪಡುವ ಪಾಡು ನೋಡಿದ್ದೇನೆ. ಸವಾರರಿಗೆ ಅಳತೆ ಹೊಂದಿತು.

ಇಲ್ಲೊಂದು ಒಳ್ಳೆಯ ನಿರ್ಧಾರ ಮಾಡಿದರು. ಕೊಳ್ಳಲಿಲ್ಲ, ಒಂದು ಋತುವಿಗೆ ಎರವಲು ಪಡೆದರು. ರೋಡ್ ಬೈಕ್ ಮಾರಲೂ ಇಲ್ಲ.

ಕಲಿಕೆಯ ವಾರಗಳು

ಸೈಕಲ್ ಬರುತ್ತದೆ ಎಂಬ ಧೈರ್ಯ ರಿಕಂಬೆಂಟ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ರೋಡ್ ಬೈಕ್‌ನಲ್ಲಿ ನಮಗೆ ಗೊತ್ತಿಲ್ಲದೆಯೇ ಸೊಂಟ ಅತ್ತ ಇತ್ತ ಮಾಡಿ ಬ್ಯಾಲೆನ್ಸ್ ಮಾಡುತ್ತೇವೆ. ಇಲ್ಲಿ ಸೊಂಟ ಸೀಟಿಗೆ ಅಂಟಿರುತ್ತದೆ. ಉಳಿದದ್ದು ಹ್ಯಾಂಡಲ್ ಮಾತ್ರ. ಹೆದರಿ ಅದನ್ನು ಬಿಗಿ ಹಿಡಿದರೆ ಪ್ರತಿ ತುಳಿತಕ್ಕೂ ಸೈಕಲ್ ಹಾವಿನಂತೆ ಹೊಯ್ದಾಡುತ್ತದೆ.

ಖಾಲಿ ಮೈದಾನದಲ್ಲಿ, ಕಂಡೂ ಕಾಣದಷ್ಟು ಇಳಿಜಾರಿರುವ ಕಡೆ ಶುರು ಮಾಡಿದೆವು. ಹಗುರ ಗೇರ್, ಬಲಗಾಲಿನ ಪೆಡಲ್ ಮೇಲೆ, ಬೆನ್ನು ಪೂರ್ತಿ ಸೀಟಿಗೆ ಒರಗಿಸಿ, ನೋಟ ದೂರಕ್ಕೆ, ಒಂದು ಗಟ್ಟಿ ತುಳಿತ, ಕೂಡಲೇ ಎಡಗಾಲೂ ಮೇಲೆ. ಹೊಸಬರು ಹೆದರಿಕೆಗೆ ಬೆನ್ನು ಎತ್ತಿ ಮುಂದೆ ಬಾಗುತ್ತಾರೆ. ಆಗಲೇ ಬೀಳುವುದು. ಭುಜ ಸಡಿಲ ಬಿಟ್ಟ ದಿನ ಸವಾರರಿಗೆ ಸೈಕಲ್ ಒಲಿಯಿತು.

ರೂಢಿ ಮಾಡಿಕೊಳ್ಳಬೇಕಾದದ್ದು ಇನ್ನೂ ಇತ್ತು. ನಿಲ್ಲಿಸುವ ಮುನ್ನವೇ ಹಗುರ ಗೇರ್‌ಗೆ ಬರಬೇಕು. ಮರೆತರೆ ಸಿಗ್ನಲ್‌ನಲ್ಲಿ ಹೊರಡಲು ಆಗುವುದಿಲ್ಲ, ಯಾಕೆಂದರೆ ಎದ್ದು ನಿಂತು ತುಳಿಯುವಂತಿಲ್ಲ. ನಿಧಾನವಾಗಿ ಚೂಪು ತಿರುವು ತೆಗೆದುಕೊಳ್ಳುವಾಗ ಹಿಮ್ಮಡಿ ಮುಂಚಕ್ರಕ್ಕೆ ತಾಗುತ್ತದೆ, ಹಾಗಾಗಿ ಅಲ್ಲಿ ತುಳಿಯಬಾರದು. ತಿರುಗಿ ಹಿಂದೆ ನೋಡುವುದು ಕಷ್ಟ, ಕನ್ನಡಿ ಇಲ್ಲದೆ ರಸ್ತೆಗೆ ಇಳಿಯಲೇಬಾರದು. ಓಡುವಾಗ ಪಾದ ಪೆಡಲ್‌ನಿಂದ ಜಾರಿ ನೆಲಕ್ಕೆ ಬಿದ್ದರೆ ಸೈಕಲ್ ಅದರ ಮೇಲೆಯೇ ಹೋಗಬಹುದು, ಕಾಲು ಸೈಕಲ್ ಕೆಳಗೆ ಸಿಕ್ಕಿ ತಿರುಚುತ್ತದೆ. ಆದ್ದರಿಂದ ಪಾದವನ್ನು ಶೂ ಅಡಿಯ ಕೊಂಡಿಯಾದ ಕ್ಲೀಟ್‌ನಿಂದ ಪೆಡಲ್‌ಗೆ ಸಿಕ್ಕಿಸುವುದು ಕ್ಷೇಮ. ಆದರೆ ಹೊರಡುವುದು, ನಿಲ್ಲುವುದು ಕೈಗೂಡುವ ತನಕ ಮೈದಾನದಲ್ಲಿ ಸಾದಾ ಪೆಡಲ್‌ನಲ್ಲೇ ಇದ್ದರು.

ಸಮತಟ್ಟು ರಸ್ತೆಯಲ್ಲಿ ನೆಮ್ಮದಿ ಬಂತು. ಕೈ ಜೋಮಿಲ್ಲ, ಕತ್ತು ನೋವಿಲ್ಲ. ಗೆದ್ದೆವು ಎಂದುಕೊಂಡರು.

ಏರು

ಏರಿಗೆ ಹೋದಾಗ ಎಲ್ಲ ತಲೆಕೆಳಗಾಯಿತು.

ಅವರು ರೋಡ್ ಬೈಕ್‌ನಲ್ಲಿ ಗಂಟೆಗೆ 9 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದ ಒಂದು ಉದ್ದನೆಯ ಏರಿತ್ತು. ರಿಕಂಬೆಂಟ್‌ನಲ್ಲಿ 7 ಕೂಡ ಕಷ್ಟ. ಸೈಕಲ್ ಎಡಬಲ ಹೊಯ್ದಾಡಿ ಅರ್ಧ ರಸ್ತೆ ಬೇಕಾಗುತ್ತಿತ್ತು. ಕೆಲವು ದಿನಗಳಲ್ಲಿ ಮಂಡಿಚಿಪ್ಪಿನ ಸುತ್ತ ನೋವು ಬಂತು. ಸವಾರರು ಹುರುಪಿನವರು. ಕಾಲಿಗೆ ಇನ್ನೂ ಬಲ ಬರಬೇಕು ಎಂದು ಅದೇ ಏರನ್ನು ಮತ್ತೆ ಮತ್ತೆ ಹತ್ತಿದರು. ಮಂಡಿ ಊದಿಕೊಂಡಿತು. "ಕೈ ಉಳಿಸಿಕೊಳ್ಳೋಕೆ ಹೋಗಿ ಕಾಲು ಕಳ್ಕೊಳ್ತೀನಿ ಅನ್ಸುತ್ತೆ. ವಾಪಸ್ ಕೊಟ್ಟುಬಿಡ್ತೀನಿ" ಎಂದರು.

ಮಂಡಿಗೆ ವಿಶ್ರಾಂತಿ ಕೊಟ್ಟು, ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಈ ಪ್ರಕರಣದ ತಿರುವು ಇದೇ, ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಎರವಲು ಸೈಕಲ್‌ನ ಅತಿ ಹಗುರ ಗೇರ್ ಅವರ ರೋಡ್ ಬೈಕ್‌ನದ್ದೇ ಆಗಿತ್ತು: ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ 34 ಹಲ್ಲು, ಹಿಂದೆ 28. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 9 ಕಿ.ಮೀ.ಗೆ ನಿಮಿಷಕ್ಕೆ 59 ಸುತ್ತು. ರೋಡ್ ಬೈಕ್‌ನಲ್ಲಿ ಇದು ನಡೆಯುತ್ತದೆ. ಎದ್ದು ನಿಂತರೆ ಮೈಭಾರವೇ ಪೆಡಲ್ ಒತ್ತುತ್ತದೆ, ಕೈ ಹ್ಯಾಂಡಲ್ ಎಳೆದು ಸಹಾಯ ಮಾಡುತ್ತದೆ. ರಿಕಂಬೆಂಟ್‌ನಲ್ಲಿ 7 ಕಿ.ಮೀ. ವೇಗಕ್ಕೆ ಅದೇ ಗೇರ್‌ನಲ್ಲಿ ನಿಮಿಷಕ್ಕೆ 46 ಸುತ್ತು. ಅಷ್ಟು ನಿಧಾನ ತುಳಿದರೆ ಪ್ರತಿ ತುಳಿತವೂ ಒಂದು ಜಗ್ಗು, ಪ್ರತಿ ಜಗ್ಗಿಗೂ ಹ್ಯಾಂಡಲ್ ಅಲುಗುತ್ತದೆ. ಹೊಯ್ದಾಟದ ಮೂಲ ಅಲ್ಲಿತ್ತು.

ಮಂಡಿ ನೋವಿನ ಮೂಲವೂ ಅಲ್ಲೇ. ರೋಡ್ ಬೈಕ್‌ನಲ್ಲಿ ಕೂತು ತುಳಿಯುವಾಗ ಒತ್ತಡ ಮಿತಿ ಮೀರಿದರೆ ಮೈ ತಾನಾಗಿ ಸೀಟಿನಿಂದ ಮೇಲೇಳುತ್ತದೆ. ರಿಕಂಬೆಂಟ್‌ನಲ್ಲಿ ಬೆನ್ನ ಹಿಂದೆ ಸೀಟು ಗೋಡೆಯ ಹಾಗೆ ನಿಂತಿರುತ್ತದೆ. ಅದಕ್ಕೆ ಒದ್ದು ಮೈತೂಕಕ್ಕಿಂತ ಜಾಸ್ತಿ ಬಲವನ್ನೂ ಹಾಕಬಹುದು. ಆ ಬಲವೆಲ್ಲ ಮಂಡಿಯ ಮೂಲಕವೇ ಹೋಗುತ್ತದೆ. ಹೆಚ್ಚು ಅಭ್ಯಾಸ ಮಾಡಿದಷ್ಟೂ ಮಂಡಿಗೆ ಹೆಚ್ಚು ಹೊಡೆತ.

ಹಾಗಾಗಿ ಕಾಲನ್ನು ಗೇರ್‌ಗೆ ಒಗ್ಗಿಸುವುದು ನಿಲ್ಲಿಸಿ, ಗೇರ್ ಅನ್ನು ಕಾಲಿಗೆ ಒಗ್ಗಿಸಿದೆವು. ಸೈಕಲ್ ಕೊಟ್ಟವರ ಒಪ್ಪಿಗೆ ಪಡೆದು ಮುಂದೆ 30 ಹಲ್ಲಿನ ಚಿಕ್ಕ ಚಕ್ರ ಇರುವ ಮೂರು ಹಂತದ ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ತೋಳು), ಹಿಂದೆ 36 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ಅದಕ್ಕೆ ಹೊಂದುವ ಉದ್ದ ತೋಳಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಾಕಿಸಿದೆವು. ಈಗ ಒಂದು ಸುತ್ತಿಗೆ 1.75 ಮೀಟರ್. ಅದೇ 7 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 67 ಸುತ್ತು, 8ಕ್ಕೆ 76. ಕಾಲು ಸರಾಗ ತಿರುಗತೊಡಗಿತು.

ಕ್ರ್ಯಾಂಕಿನ ಉದ್ದವನ್ನೂ 172.5 ಮಿ.ಮೀ.ನಿಂದ 155ಕ್ಕೆ ಇಳಿಸಿದೆವು. ಮಂಡಿ ಮಡಚುವುದು ಕಡಿಮೆಯಾಯಿತು. ಹಿಮ್ಮಡಿ ಚಕ್ರಕ್ಕೆ ತಾಗುವುದೂ ಕಡಿಮೆಯಾಯಿತು. ಇಲ್ಲಿ ಎರಡು ವಿಷಯ ಮರೆಯಬಾರದು. ಕ್ರ್ಯಾಂಕ್ ಹತ್ತನೇ ಒಂದು ಪಾಲು ಚಿಕ್ಕದಾದರೆ ಅದೇ ಗೇರ್‌ನಲ್ಲಿ ಅಷ್ಟರಮಟ್ಟಿಗೆ ಜಾಸ್ತಿ ಒತ್ತಬೇಕಾಗುತ್ತದೆ. ಗೇರ್ ಹಗುರ ಮಾಡದೆ ಬರೀ ಕ್ರ್ಯಾಂಕ್ ಚಿಕ್ಕದು ಮಾಡಿದರೆ ಏರು ಇನ್ನೂ ಭಾರವಾಗುತ್ತದೆ. ಎರಡನೆಯದು, ಕ್ರ್ಯಾಂಕ್ ಚಿಕ್ಕದಾದಷ್ಟು ಬೂಮ್ ಮುಂದಕ್ಕೆ ಸರಿಸಬೇಕು, ಇಲ್ಲದಿದ್ದರೆ ಕಾಲು ಪೂರ್ತಿ ಚಾಚುವುದಿಲ್ಲ. ಬೂಮ್ ಒಂದು ಸೆಂಟಿಮೀಟರ್ ಸರಿದರೆ ಚೈನ್ ಸುಮಾರು ಎರಡು ಸೆಂಟಿಮೀಟರ್ ಉದ್ದ ಬೇಕು, ಮೇಲಿನ ಎಳೆ, ಕೆಳಗಿನ ಎಳೆ ಎರಡೂ ಉದ್ದವಾಗುತ್ತವಲ್ಲ. ಇವರ ಸೈಕಲ್‌ನಲ್ಲಿ ಕೊಂಡಿಗಳನ್ನು ಸೇರಿಸಬೇಕಾಯಿತು.

ಇನ್ನೊಂದು ಒಪ್ಪಂದವೂ ಆಯಿತು. ಎರಡು ತಿಂಗಳು ಹಳೆಯ ಸವಾರಿಯ ಸಮಯದ ಜೊತೆ ಹೋಲಿಸುವಂತಿಲ್ಲ. ರಿಕಂಬೆಂಟ್‌ನ ಈ ವಾರವನ್ನು ರಿಕಂಬೆಂಟ್‌ನ ಕಳೆದ ವಾರದ ಜೊತೆ ಮಾತ್ರ ಹೋಲಿಸಬೇಕು. ಈ ಭಂಗಿಯಲ್ಲಿ ತೊಡೆ, ಪೃಷ್ಠದ ಸ್ನಾಯುಗಳು ಕೆಲಸ ಹಂಚಿಕೊಳ್ಳುವ ರೀತಿಯೇ ಬೇರೆ. ದೇಹ ಅದನ್ನು ಕಲಿಯಲು ವಾರಗಳು ಸಾಲವು, ತಿಂಗಳುಗಳೇ ಬೇಕು ಎಂಬುದು ನಾನು ಕಂಡದ್ದು. ಈ ಒಪ್ಪಂದವನ್ನು ಪಾಲಿಸಲು ಸವಾರರಿಗೆ ಗೇರ್ ಬದಲಿಸಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಆದರೂ ಪಾಲಿಸಿದರು. ಅವರ ಆ ಸಂಯಮದ ಬಗ್ಗೆ ನನಗೆ ನಿಜವಾದ ಗೌರವ ಇದೆ.

ಎರಡು ತಿಂಗಳು ಮುಗಿಯುವ ಹೊತ್ತಿಗೆ ಅದೇ ಏರನ್ನು 8 ಕಿ.ಮೀ. ವೇಗದಲ್ಲಿ, ನೇರ ಗೆರೆಯಲ್ಲಿ, ಮಂಡಿ ನೋವಿಲ್ಲದೆ ಹತ್ತುತ್ತಿದ್ದರು. ಹಳೆಯ 9 ಬರಲಿಲ್ಲ. ಈ ಸೈಕಲ್ ಕೆಲವು ಕಿಲೋ ಹೆಚ್ಚು ಭಾರ, ಎದ್ದು ನಿಲ್ಲುವಂತಿಲ್ಲ. ಆ ಒಂದು ಕಿ.ಮೀ. ಕೊರತೆ ಇವರ ಪಾಲಿಗೆ ಉಳಿದೇ ಇದೆ.

ಅಂಗಾಲು ಮತ್ತು ಸೊಂಟ

ಕೈಯ ಜೋಮು ಹೋಯಿತು, ಅಂಗಾಲಿಗೆ ಬಂತು. ಪೆಡಲ್ ಸೀಟಿಗಿಂತ ಎತ್ತರದಲ್ಲಿರುವುದರಿಂದ ಪಾದದಲ್ಲಿ ರಕ್ತ ಓಡಾಟ ಕಡಿಮೆಯಾಗುತ್ತದೆ. ಎರಡು ಮೂರು ಗಂಟೆಗೆ ಉರಿ, ಆಮೇಲೆ ಮರಗಟ್ಟುವುದು. ಶೂ ಪಟ್ಟಿ ಸಡಿಲ ಮಾಡಿ, ಕ್ಲೀಟನ್ನು ಹಿಮ್ಮಡಿಯ ಕಡೆಗೆ ಆದಷ್ಟು ಸರಿಸಿದೆವು. ಸೀಟಿನ ಒರಗನ್ನು ಸ್ವಲ್ಪ ಎಬ್ಬಿಸಿದೆವು. ಪಾದ ಸುಧಾರಿಸಿತು, ಆದರೆ ಭಾರ ಬೆನ್ನಿನಿಂದ ಸೊಂಟದ ಕೆಳಕ್ಕೆ ಇಳಿದು ಕೂರುವ ಜಾಗ ನೋಯತೊಡಗಿತು. ಒರಗನ್ನು ಇಳಿಸಿದರೆ ಸೊಂಟ ಸುಖ, ಪಾದ ಕಷ್ಟ. ಎಬ್ಬಿಸಿದರೆ ಉಲ್ಟಾ. ಎರಡರ ನಡುವೆ ಒಂದು ಜಾಗ ಹುಡುಕಿ ಗುರುತು ಹಾಕಿ ಬಿಟ್ಟೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಮೇಲೆ ಒಂದು ಉದ್ದ ಸವಾರಿ, ಆಮೇಲೆ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಹಳ್ಳ ಬಂದಾಗ ಪೆಡಲ್ ಮೇಲೆ ಎದ್ದು ಹೊಡೆತ ತಪ್ಪಿಸಿಕೊಳ್ಳಲು ಇಲ್ಲಿ ಆಗುವುದಿಲ್ಲ, ಬೆನ್ನೇ ತಿನ್ನಬೇಕು. 32 ಮಿ.ಮೀ. ಟೈರ್, ಕಡಿಮೆ ಗಾಳಿ, ಕೆಟ್ಟ ರಸ್ತೆಯಲ್ಲಿ ನಿಧಾನ. ಇದಕ್ಕೆ ಬೇರೆ ಮದ್ದು ಸಿಗಲಿಲ್ಲ.

300 ಕಿ.ಮೀ.

ಪರೀಕ್ಷೆಗೆ ಆರಿಸಿದ್ದು 300ರ ಬ್ರೆವೆ. ರೋಡ್ ಬೈಕ್‌ನಲ್ಲಿ ಕೈ ಸೋತದ್ದು ಅದೇ ದೂರದಲ್ಲಿ. ಹೊರಡುವ ಮುನ್ನ ಒಂದು ಲೆಕ್ಕ ಹಾಕಿದ್ದೆವು. ಹತ್ತು ಕಿ.ಮೀ. ಏರನ್ನು 9ರ ಬದಲು 8ರ ವೇಗದಲ್ಲಿ ಹತ್ತಿದರೆ ಎಂಟು ನಿಮಿಷ ಹೆಚ್ಚು. ನೂರು ಕಿ.ಮೀ. ಮಟ್ಟಸ ರಸ್ತೆಯನ್ನು 25ರ ಬದಲು 28ರಲ್ಲಿ ಹೋದರೆ ಇಪ್ಪತ್ತಾರು ನಿಮಿಷ ಉಳಿತಾಯ. ಮಟ್ಟಸದಲ್ಲಿ ಈ ಲಾಭ ಯಾಕೆ ಅಂದರೆ, ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಐದನೇ ಒಂದು ಪಾಲು ಹೆಚ್ಚಾದರೆ ಶಕ್ತಿ ಸುಮಾರು 1.7 ಪಟ್ಟು ಬೇಕು. ಕಾಲು ಮುಂದೆ ಚಾಚಿ ಒರಗಿ ಕೂತವರಿಗೆ ಎದುರುಗಾಳಿಗೆ ಒಡ್ಡುವ ಮೈ ಕಡಿಮೆ. ಅದರ ಫಲ ಅಲ್ಲಿ ಸಿಗುತ್ತದೆ. ದಾರಿಯ ನಕ್ಷೆ ನೋಡಿ, ಏರು ಎಷ್ಟು, ಮಟ್ಟಸ ಎಷ್ಟು ಎಂದು ಕೂಡಿ ಕಳೆದ ಮೇಲೆಯೇ ಹೆಸರು ಕೊಟ್ಟರು.

ಸವಾರಿ ಲೆಕ್ಕದ ಹಾಗೇ ನಡೆಯಿತು. ಮೊದಲ ಏರಿನಲ್ಲಿ ಎಲ್ಲರೂ ದಾಟಿ ಹೋದರು. ಸವಾರರು ಬೆನ್ನಟ್ಟಲಿಲ್ಲ. ಬೆನ್ನಟ್ಟಿದ್ದರೆ ಮಂಡಿ ಮತ್ತೆ ಎದ್ದುಬಿಡುತ್ತಿತ್ತು. ಇಳಿಜಾರಿನಲ್ಲಿ ಸೈಕಲ್ ತಾನಾಗಿ ಓಡುತ್ತಿದ್ದರೂ, ಮೊದಲೇ ಗೊತ್ತುಮಾಡಿಕೊಂಡ ವೇಗಕ್ಕೆ ಬ್ರೇಕ್ ಹಿಡಿದರು. ಮಧ್ಯಾಹ್ನದ ಎದುರುಗಾಳಿಯಲ್ಲಿ, ಮಟ್ಟಸ ರಸ್ತೆಯಲ್ಲಿ, ಬೆಳಗ್ಗೆ ದಾಟಿ ಹೋದವರಲ್ಲಿ ಬಹಳಷ್ಟು ಜನ ಸಿಕ್ಕರು. ಕತ್ತಲಾದ ಮೇಲೆ ಒಂದು ತೊಡಕು ಕಂಡಿತು. ಹ್ಯಾಂಡಲ್ ಮೇಲಿದ್ದ ದೀಪದ ಬೆಳಕಿಗೆ ಅವರ ಪಾದಗಳೇ ಅಡ್ಡ ಬಂದು ರಸ್ತೆಯ ಮೇಲೆ ನೆರಳು ಕುಣಿಯುತ್ತಿತ್ತು. ಮುಂದಿನ ಸವಾರಿಗೆ ದೀಪವನ್ನು ಬೂಮ್ ತುದಿಗೆ ಸಾಗಿಸಿದೆವು.

ಇಪ್ಪತ್ತು ಗಂಟೆಯ ಗಡುವಿಗೆ ಒಂದೂವರೆ ಗಂಟೆ ಬಾಕಿ ಇರುವಾಗ ಮುಗಿಸಿದರು. ರೋಡ್ ಬೈಕ್‌ನ ಸಮಯಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೈಯಲ್ಲಿ ಜೋಮಿರಲಿಲ್ಲ. ಮರುದಿನ ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಂಡೆ ಎಂದು ಫೋನ್ ಮಾಡಿ ಹೇಳಿದರು.

ಕಳೆದುಕೊಂಡದ್ದು

ಇದನ್ನೂ ಬರೆಯಲೇಬೇಕು, ಇಲ್ಲದಿದ್ದರೆ ಓದುವವರಿಗೆ ಮೋಸವಾಗುತ್ತದೆ. ಗುಂಪು ಸವಾರಿ ತಪ್ಪಿತು. ಏರಿನಲ್ಲಿ ಇವರು ಹಿಂದೆ, ಇಳಿಜಾರಿನಲ್ಲಿ ಮುಂದೆ, ಮಟ್ಟಸದಲ್ಲಿ ಇವರ ಹಿಂದೆ ಬಂದವರಿಗೆ ಗಾಳಿಯ ಮರೆ ಸಿಗುವುದಿಲ್ಲ. ಜೊತೆಗೆ ಹೋಗುವುದು ಎರಡೂ ಕಡೆಯವರಿಗೆ ಕಷ್ಟ. ವರ್ಷಗಟ್ಟಲೆ ಮಾತಾಡಿಕೊಂಡು ತುಳಿದ ಗೆಳೆಯರಿಂದ ರಸ್ತೆಯಲ್ಲಿ ದೂರವಾದದ್ದು ಸವಾರರಿಗೆ ಮಂಡಿ ನೋವಿಗಿಂತ ಹೆಚ್ಚು ಕಾಡಿತು. ಸೈಕಲ್ ಉದ್ದ, ಮೆಟ್ಟಿಲು ಹತ್ತಿಸುವುದು, ಕಾರಿಗೆ ಹಾಕುವುದು ತ್ರಾಸ. ಚೈನ್ ರೋಡ್ ಬೈಕ್‌ನದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಉದ್ದ. ಅದರ ದಾರಿ ತಿರುಗಿಸುವ ಐಡ್ಲರ್ ಚಕ್ರ, ಕೊಳವೆ ಇವನ್ನೆಲ್ಲ ಶುಚಿಯಾಗಿಡಬೇಕು. ಮಧ್ಯಾಹ್ನದ ಬಿಸಿಲು, ಮಳೆ ನೇರ ಮುಖಕ್ಕೆ ಬೀಳುತ್ತವೆ.

ರೋಡ್ ಬೈಕ್ ಮಾರದೆ ಇಟ್ಟುಕೊಂಡದ್ದು ಇಲ್ಲಿ ಕೈ ಹಿಡಿಯಿತು. ಒಂದೆರಡು ಗಂಟೆಯ ಸವಾರಿಗೆ ಕೈ ತಕರಾರು ಮಾಡುವುದಿಲ್ಲ. ವಾರಕ್ಕೊಮ್ಮೆ ಗೆಳೆಯರ ಜೊತೆ ಹೋಗುವುದು ಅದರಲ್ಲಿ, ದೂರ ಹೋಗುವುದು ರಿಕಂಬೆಂಟ್‌ನಲ್ಲಿ.

ಈಗ ನನ್ನ ಬಳಿ ಯಾರಾದರೂ ಬದಲಾಗುತ್ತೇನೆ ಎಂದು ಬಂದರೆ, ಈ ಪ್ರಕರಣ ಆದಾಗಿನಿಂದ, ಕೇಳುವ ಪ್ರಶ್ನೆಗಳ ಸಾಲು ಬದಲಾಗಿದೆ. ಮೊದಲು ಸೀಟು, ಭಂಗಿ, ಬ್ಯಾಲೆನ್ಸ್ ಬಗ್ಗೆ ಮಾತಾಡುತ್ತಿದ್ದೆ. ಈಗ ಮೊದಲು ಕೇಳುವುದು, ನೀವು ಹತ್ತುವ ಅತಿ ಕಡಿದಾದ ಏರು ಯಾವುದು, ಅಲ್ಲಿ ನಿಮ್ಮ ವೇಗ ಎಷ್ಟು ಎಂದು. ಆ ವೇಗದಿಂದ ಗಂಟೆಗೆ ಎರಡು ಕಿ.ಮೀ. ಕಳೆದು, ಉಳಿದದ್ದರಲ್ಲಿ ನಿಮಿಷಕ್ಕೆ 65ರಿಂದ 75 ಸುತ್ತು ತುಳಿಯುವಂಥ ಗೇರ್ ಆ ಸೈಕಲ್‌ನಲ್ಲಿ ಇದೆಯೇ ಎಂದು ಹಲ್ಲು ಎಣಿಸಿ ನೋಡುತ್ತೇನೆ. ಇಲ್ಲದಿದ್ದರೆ ಮೈದಾನದ ಪಾಠಕ್ಕೆ ಮುಂಚೆಯೇ ಗೇರ್ ಹಾಕಿಸಲು ಹೇಳುತ್ತೇನೆ.

ಸವಾರರ ಹಿಡಿತದ ಬಲ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ವಾಪಸ್ ಬರುತ್ತಿದೆ, ವೈದ್ಯರು ಗಮನ ಇಟ್ಟಿದ್ದಾರೆ. ಋತು ಮುಗಿದ ಮೇಲೆ ಎರವಲು ತಂದಿದ್ದ ಸೈಕಲನ್ನೇ ಕೊಂಡರು. ಮುಂದಿನದು 400. ಅದರ ದಾರಿಯಲ್ಲಿ ಏರು ಜಾಸ್ತಿ. ಮುಂದಿನ ಚಿಕ್ಕ ಚಕ್ರವನ್ನು 30ರಿಂದ 26 ಹಲ್ಲಿಗೆ ಇಳಿಸುವ ಕೆಲಸ ನಡೆಯುತ್ತಿದೆ.